ಶಟ್ಟೆಪ್ಪ ಮೇಲ್ ಸರ್ವರ್ ಕಟ್ಟಿದ್ದು

ಕೆಲವರ ಬೆರಳಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಬೈಲಹೊಂಗಲದ ದನದ ಹಿಂಡಿ ಮಾರಾಟಗಾರರ ಸಂಘದ ಗುಮಾಸ್ತ ಶಟ್ಟೆಪ್ಪನ ತೋರುಬೆರಳು ಅಂಥದ್ದು. ಅಂದು ಮುಂಜಾನೆ ಕಂಪ್ಯೂಟರ್ ಪರದೆಯ ಮೇಲೆ, ಸಂಘದ ಮೇಲ್‌ಗಳನ್ನು ಕಳಿಸುವ ಮೇಲ್ ಸರ್ವರಿನ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂಬ ಪ್ರಶ್ನೆ ಮೂಡಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಶಟ್ಟೆಪ್ಪ ಹೂಂ ಒತ್ತಿದ. ಹಳೆಯದು ಹೋಯಿತು. ಹೊಸದು ಬರಲಿಲ್ಲ.

ಬೇರೆ ದಿನವಾಗಿದ್ದರೆ ಪರದೆಗೆ ಟವೆಲ್ ಹೊದಿಸಿ ಚಹಾಕ್ಕೆ ಹೋಗುತ್ತಿದ್ದ. ಆದರೆ ಅಂದು ದೊಡವಾಡದಲ್ಲಿ ಅವನ ಹೆಂಡತಿಯ ತಂಗಿಯ ಕುಬಸ, ಅಂದರೆ ಸೀಮಂತ. ಹೆಂಡತಿ ನಾಗರತ್ನಾ ಮುನ್ನಾದಿನವೇ ತವರಿಗೆ ಹೊರಟು ನಿಂತು, "ಮಧ್ಯಾಹ್ನದ ಊಟಕ್ಕ ನೀವು ಬರಲಿಲ್ಲಂದ್ರ ನಾ ತಿರುಗಿ ಬರೂದಿಲ್ಲ ನೋಡ್ರಿ. ಎಮ್ಮಿ ಹಿಂಡ್ಕೊಂತ ಕುಂದರ್ರಿ," ಎಂದು ಹೇಳಿ ಹೋಗಿದ್ದಳು. ಆ ಎಮ್ಮೆಯೋ, ನಾಗರತ್ನಾಳನ್ನು ಬಿಟ್ಟು ಯಾರು ಮುಟ್ಟಿದರೂ ಒದೆಯುತ್ತಿತ್ತು. ಶಟ್ಟೆಪ್ಪನನ್ನಂತೂ ಕಂಡರೂ ಒದೆಯುತ್ತಿತ್ತು.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಸೋಮಪ್ಪ ಧೋತರದ ಚುಂಗು ಹಿಡಿದು ಬಂದರು. "ಗೋದಾಮಿನ್ಯಾಗ ಹಿಂಡಿ ಎಷ್ಟ ಉಳದೈತಿ ಅನ್ನೂ ವರದಿ ಇವತ್ತ ಕಿತ್ತೂರಿನ ಹಿಂಡಿ ಮಿಲ್ಲಿಗೆ ಮುಟ್ಟಬೇಕು. ಇಲ್ಲಾಂದ್ರ ಅವರು ಲಾರಿ ಬಿಡಂಗಿಲ್ಲ. ಬಸ್ಸ ಹತ್ತಿ ಕೈಯಾಗ ಕೊಟ್ಟ ಬಾ."

ಕಿತ್ತೂರು ಒಂದು ದಿಕ್ಕು, ದೊಡವಾಡ ಇನ್ನೊಂದು ದಿಕ್ಕು. ಶಟ್ಟೆಪ್ಪ ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ಎಳೆದುಕೊಂಡ. "ಬಸ್ಸ ಯಾಕ್ರೀ ಧಣ್ಯಾರ? ಮೇಲ್ ಒಗದ್ರ ಕಣ್ಣ ಮುಚ್ಚಿ ತಗಿಯೂದ್ರಾಗ ಮುಟ್ಟತೈತಿ."

"ಸಂಘದ ಹೆಸರಿನ ಮೇಲ್‌ದಿಂದನ ಹೋಗಬೇಕ ಮತ್ತ. ಬ್ಯಾರೇ ಮೇಲ್‌ದಿಂದ ಬಂದದ್ದನ್ನ ಅವರು ನೋಡಂಗಿಲ್ಲ. ಮುಟ್ಟಿತು ಅಂತ ಫೋನ್ಯಾಗ ನಾ ಕಿವಿಯಾರೆ ಕೇಳೂತನಕಾ ನೀ ಕುರ್ಚಿ ಬಿಟ್ಟ ಏಳಂಗಿಲ್ಲ."

ಶಟ್ಟೆಪ್ಪ ಇಂಟರ್ನೆಟ್ಟಿನಲ್ಲಿ ಮೇಲ್ ಸರ್ವರಿನ ಪ್ಯಾಕೇಜು, ಅಂದರೆ ಕಟ್ಟಿ ಸಿದ್ಧವಿಟ್ಟ ತಂತ್ರಾಂಶದ ಗಂಟು, ಹುಡುಕಲು ಕೂತ. ಸಿಕ್ಕ ಮೊದಲನೆಯದು ಈ ಕಂಪ್ಯೂಟರಿಗೆ ಹೊಂದಲಿಲ್ಲ, ಟ್ರ್ಯಾಕ್ಟರಿನ ಟೈರನ್ನು ಸೈಕಲ್ಲಿಗೆ ತಂದ ಹಾಗೆ. ಎರಡನೆಯದು ಹೊಂದಿತು, ಆದರೆ ತನ್ನ ಜೊತೆಗೆ ಇನ್ನೊಂದು ಪ್ಯಾಕೇಜು ಬೇಕೆಂದಿತು. ಅದನ್ನು ತಂದರೆ ಅದು ಮತ್ತೊಂದನ್ನು ಕೇಳಿತು. ಮದುವೆಯಲ್ಲಿ ಮುನಿಸಿಕೊಂಡ ಸೋದರಮಾವನನ್ನು ಕರೆಯಲು ಹೋದರೆ, ಅವನು ತನ್ನ ಬೀಗರನ್ನು ಕರೆ ಅಂದಂತೆ. ಬೀಗರು ತಮ್ಮ ಹಿರಿಯಣ್ಣನನ್ನು ಕರೆ ಅಂದಂತೆ. ಕೊನೆಗೆ ಹಿರಿಯಣ್ಣ ಸಿಕ್ಕ. ಅವನಿಗೂ ಮೊದಲಿನ ಸೋದರಮಾವನಿಗೂ ಮಾತಿರಲಿಲ್ಲ!

ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ ಪಕ್ಕದ ಪಂಪ್‌ಸೆಟ್ ರಿಪೇರಿಯ ದುರ್ಗಪ್ಪ ಒಳಗೆ ಬಂದ. "ಕಟ್ಟಿದ್ದ ಸಿಗವಲ್ದಂದ್ರ ನೀನ ಕಟ್ಟಲೇ. ಬಿಡಿ ಸಾಮಾನ ಸಿಗತಾವಿಲ್ಲೋ? ನಾ ಮೋಟಾರ ಕಟ್ಟಂಗಿಲ್ಲೇನ?"

ಇವನಿಗೂ ಬುದ್ಧಿ ಇದೆಯಲ್ಲ ಎಂದು ಶಟ್ಟೆಪ್ಪ ಬೆರಗಾದ. ಬಿಡಿ ಬಿಡಿ ಮೂಲ ಕಡತಗಳನ್ನು ಇಳಿಸಿಕೊಂಡು ಪ್ಯಾಕೇಜು ಕಟ್ಟಲು ಹಚ್ಚಿದ. ಪರದೆಯ ಮೇಲೆ ಸಾಲುಗಳು ಸಂತೆಗೆ ಹೊರಟ ಕುರಿಗಳಂತೆ ಓಡತೊಡಗಿದವು.

ಫೋನು ಬಂತು. "ಎಲ್ಲಿ ಅದೀರಿ?" ನಾಗರತ್ನಾ.

"ಬಸ್ಸಿನ್ಯಾಗ," ಎಂದ ಶಟ್ಟೆಪ್ಪ.

"ಹೌದ? ಕಂಡಕ್ಟರ್‌ನ ಕೈಯಾಗ ಫೋನ್ ಕೊಡ್ರಿ."

ದುರ್ಗಪ್ಪ ಫೋನು ಕಸಿದುಕೊಂಡು, "ಮುಂದ ನಡೀರಿ, ಮುಂದ ನಡೀರಿ!" ಎಂದು ಕೂಗಿ ಅದನ್ನು ಬಂದ್ ಮಾಡಿದ. ಗೆಳೆತನ ಅಂದರೆ ಅದು.

ಕಂಪ್ಯೂಟರು ರೊಟ್ಟಿ ಹಂಚಿನಂತೆ ಕಾಯತೊಡಗಿತು. ಇನ್ನೊಬ್ಬ ಗುಮಾಸ್ತೆ ಮಂಜುಳಾ, "ಶಟ್ಟೆಪ್ಪಣ್ಣಾ, ಸುಟ್ಟ ವಾಸನಿ ಬರಾಕತ್ತೈತಿ," ಅಂದಳು. ಕೇಳಿದ್ದೇ ತಡ, ದುರ್ಗಪ್ಪ ತನ್ನ ಅಂಗಡಿಯ ದೊಡ್ಡ ಫ್ಯಾನು ತಂದು ಹಚ್ಚಿದ. ಅದು ಬೀಸಿದ ಗಾಳಿಗೆ ಮೂಲೆಯಲ್ಲಿ ಒಡೆದು ಬಿದ್ದಿದ್ದ ಹಿಂಡಿ ಚೀಲದ ಧೂಳೆಲ್ಲ ಎದ್ದಿತು. ಮೂವರೂ ಸೀನಿದರು. ಮಂಜುಳಾ ಸೀನಿದ ರಭಸಕ್ಕೆ ಅವಳ ಕಾಲು ತಾಗಿ ಪ್ಲಗ್ಗು ಕಳಚಿತು. ಮುಕ್ಕಾಲು ಕಟ್ಟಿದ್ದ ಪ್ಯಾಕೇಜು ಮೊದಲಿಗೆ ಬಂತು. ದೊಡವಾಡದ ಮಧ್ಯಾಹ್ನದ ಬಸ್ಸು ಹಾರನ್ ಹೊಡೆಯುತ್ತ ಸಂಘದ ಮುಂದೆಯೇ ಹೋಯಿತು.

ಇರಲಿ, ಕುಬಸದ ಪಂಕ್ತಿಗಳು ಇಳಿಹೊತ್ತಿನ ತನಕ ನಡೆಯುತ್ತವೆ ಎಂದು ಶಟ್ಟೆಪ್ಪ ಹಲ್ಲು ಕಚ್ಚಿ ಮತ್ತೆ ಕಟ್ಟಿದ. ಈ ಸಲ ಪೂರ್ತಿ ಆಯಿತು. ಚಾಲೂ ಮಾಡಲು ಬೆರಳು ಎತ್ತಿದ.

"ತಡೀ!" ತೆಂಗಿನಕಾಯಿ ಹಿಡಿದು ಒಳಬಂದ ಸೋಮಪ್ಪ ಗುಡುಗಿದರು. "ಹೊಸಾದ್ದ ಕಟ್ಟಿ ಕಾಯಿ ಒಡೀದ ಚಾಲೂ ಮಾಡತಾರೇನ? ಬೋರ್ ಚಾಲೂ ಮಾಡೂಮುಂದ ಒಡದೇವಿ, ಟ್ರ್ಯಾಕ್ಟರ್‌ಗೆ ಒಡದೇವಿ. ಇದೇನ ಪಾಪ ಮಾಡೈತಿ?"

"ಧಣ್ಯಾರ, ಹೊರಗ ಒಡೀರಿ, ನಿಮ್ಮ ಕಾಲ ಬೀಳತೇನಿ."

"ದೇವರ ಎದರಾಗ ಒಡೀಬೇಕಲೇ, ಬಾಗಲಾ ಕಾಯಾವನ ಎದರಾಗಲ್ಲ."

ಕಾಯಿ ಟೇಬಲ್ಲಿನ ಅಂಚಿಗೆ ಬಡಿಯಿತು. ಎಳೆಗಾಯಿ. ನೀರೆಲ್ಲ ಕೀಬೋರ್ಡಿನ ಪಾಲಾಯಿತು. ದುರ್ಗಪ್ಪ ಅದನ್ನು ತಲೆಕೆಳಗು ಹಿಡಿದು, ಮಗುವಿನ ಬೆನ್ನು ತಟ್ಟಿ ತೇಗು ಬರಿಸುವಂತೆ ತಟ್ಟಿದ. ಮಂಜುಳಾ ಸೆರಗಿನಿಂದ ಒಂದೊಂದೇ ಅಕ್ಷರ ಒರೆಸಿದಳು. ಶಟ್ಟೆಪ್ಪ ಅಳುವುದಕ್ಕೂ ಪುರಸೊತ್ತಿಲ್ಲದೆ ಚಾಲೂ ಮಾಡಿ, ವರದಿ ಸೇರಿಸಿ ಕಳುಹಿಸಿದ. ಮೇಲ್ ಹೋಯಿತು! ದುರ್ಗಪ್ಪ ಸೀಟಿ ಹೊಡೆದ. ಸೋಮಪ್ಪ ಕಾಯಿಯ ಹೋಳು ಎತ್ತಿ, "ನೋಡಿದ್ಯಾ? ಇದರ ಪ್ರಭಾವ," ಅಂದರು.

ದೊಡವಾಡಕ್ಕೆ ಇನ್ನೊಂದು ಬಸ್ಸು ಇತ್ತು. ಶಟ್ಟೆಪ್ಪ ಚೀಲ ಹೆಗಲಿಗೇರಿಸಿಯೇ ಕಿತ್ತೂರಿನ ಮಿಲ್ಲಿನ ಹೊಸ ಮ್ಯಾನೇಜರ್ ಸಿದ್ಧಾರೂಢರಿಗೆ ಫೋನು ಹಚ್ಚಿ, ಅಧ್ಯಕ್ಷರಿಗೂ ಕೇಳುವಂತೆ ಜೋರಾಗಿಟ್ಟ. ಆ ಕಡೆ ಹೆಂಗಸರ ಹಾಡು, ತಟ್ಟೆ ಲೋಟದ ಸಪ್ಪಳ.

"ಸಾಹೇಬ್ರ, ಬೈಲಹೊಂಗಲದ ಸಂಘದಿಂದ್ರಿ. ಮೇಲ್ ಮುಟ್ಟಿತಿಲ್ರೀ?"

"ಮೇಲ್? ಆಫೀಸ ಕೀಲಿ ಹಾಕೇನ್ರಿ ಇವತ್ತ. ನಾ ಮುಂಜಾನಿಂದ ದೊಡವಾಡದಾಗ ಅದೇನಿ. ನಮ್ಮ ಅಣ್ಣನ ಸೊಸೀ ಕುಬಸ ಐತಿ. ಹುಡುಗೀ ಅಕ್ಕನ ಗಂಡಾರು ನಿಮ್ಮ ಸಂಘದಾಗ ಅದಾರಂತಲ್ಲ, ಊಟಕ್ಕ ಬರತಾರ, ಅವರ ಕೈಯಾಗ ವರದಿ ಬರತೈತಿ ಅಂತ ಅದರ ಮ್ಯಾಲ ಒತ್ತೂ ಸಿಕ್ಕಾ ಸೈತ ಕಿಸೇದಾಗ ಇಟ್ಕೊಂಡ ಕುಂತಿದ್ನಿ. ಈಗ ಕಡೀ ಪಂಕ್ತೀನೂ ಎದ್ದಿತು ನೋಡ್ರಿ. ಅಂದಂಗ, ನೀವು ಯಾರ್ರಿ?"

ಶಟ್ಟೆಪ್ಪ ಹೆಸರು ಹೇಳುವ ಮೊದಲೇ ಆ ಕಡೆ ಯಾರೋ ಫೋನು ಇಸಿದುಕೊಂಡ ಸದ್ದಾಯಿತು.

"ಬರ್ರಿ," ಎಂದಳು ನಾಗರತ್ನಾ. ದನಿ ಬೆಲ್ಲದ ಪಾಕದಂತಿತ್ತು. "ಸಾವಕಾಶ ಬರ್ರಿ. ನಮ್ಮಪ್ಪ, ನಮ್ಮ ಅಣ್ಣಾರು, ಎಲ್ಲಾರೂ ಬಾಗಲ್ದಾಗ ಕಾಯಾಕತ್ತೇವಿ."

ಮದುವೆಯಾದಂದಿನಿಂದ ಅವಳು ಇಷ್ಟು ಸವಿಯಾಗಿ ಮಾತಾಡಿದ್ದಿಲ್ಲ. ಶಟ್ಟೆಪ್ಪ ಹೆಗಲಿನ ಚೀಲ ಇಳಿಸಿಟ್ಟ.

ಸೋಮಪ್ಪ ವರದಿಯ ಕಾಗದ ಮಡಚಿ ಅವನ ಕಿಸೆಗೆ ತುರುಕಿದರು. "ಕೇಳಿದ್ಯಲಾ? ಮ್ಯಾನೇಜರ್ ದೊಡವಾಡದಾಗ ಅದಾರ. ಓಡು, ಕೈಯಾಗ ಕೊಡು."

"ಧಣ್ಯಾರ," ಶಟ್ಟೆಪ್ಪ ಅವರ ಕಾಲು ಹಿಡಿದುಕೊಂಡ, "ನಾ ಕಿತ್ತೂರಿಗೇ ಹೋಗತೇನ್ರಿ. ನಡಕೊಂತರ ಹೋಗತೇನಿ. ಆ ಕೀಲಿ ಹಾಕಿದ ಬಾಗಲಾ ಮುಂದ ನಾಕ ದಿನಾ ಕುಂತರ ಕುಂದರತೇನಿ!"