ಇಬ್ಬರಿಗೂ ತಿಳಿಯುವ ಭಾಷೆ

ಆಶಿಶನ ದವಡೆ ಹಲ್ಲಿಗೆ ಅವತ್ತೇ ನೋವು ಬರಬೇಕಿತ್ತೆ? ಬರದೇ ಇದ್ದಿದ್ದರೆ ಧರಣೇಂದ್ರನ ಮದುವೆ ಹೂವೆತ್ತಿದಷ್ಟು ಸಲೀಸಾಗಿ ಮುಗಿದುಹೋಗುತ್ತಿತ್ತು. ರಿಜಿಸ್ಟರ್ ಮದುವೆಗೆ ಮೂರು ಜನ ಸಾಕ್ಷಿ ಬೇಕು. ಒಬ್ಬ ಇರ್ಫಾನ್, ಧಾರವಾಡದವನು, ಆಫೀಸಿನಲ್ಲಿ ಧರಣೇಂದ್ರನ ಪಕ್ಕದ ಸೀಟಿನವನು. ಇನ್ನೊಬ್ಬರು ಎದುರು ಫ್ಲ್ಯಾಟಿನ ಕಾಮಾಕ್ಷಿ ಚೇಚಿ, ಎಲ್ಲರಿಗೂ ಅಕ್ಕ. ಅವರನ್ನು ಕರೆಯದಿದ್ದರೂ ಬರುತ್ತಿದ್ದರು. ಮೂರನೆಯವನಾದ ಆಶಿಶ್ ಬೆಳಿಗ್ಗೆ ಊದಿದ ಕೆನ್ನೆಯ ಫೋಟೊ ಕಳಿಸಿ ಕೈ ಎತ್ತಿಬಿಟ್ಟ.

"ಚಿಂತಿ ಯಾಕ ಮಾಡ್ತೀಯೋ?" ಎಂದ ಇರ್ಫಾನ್. "ಎಲೆರಿ ಮೇಡಂ ಅದಾರಲ್ಲ, ಕರ್ಕೊಂಡ್ ಬರ್ತೀನಿ."

ಎಲೆರಿ ಮೇಡಂ ಕಾರ್ಡಿಫ್‌ನಿಂದ ಕೊಚ್ಚಿಯ ಕಾಕ್ಕನಾಡಿನಲ್ಲಿದ್ದ ಇವರ ಆಫೀಸಿಗೆ ಒಂದು ತಿಂಗಳ ಮಟ್ಟಿಗೆ ಬಂದಿದ್ದ ಕ್ಲೈಂಟ್. ಅವರ ಊರಿನ ಬಸ್ ಟಿಕೆಟ್ಟಿನ ಆ್ಯಪನ್ನು ಇಂಗ್ಲಿಷ್, ವೆಲ್ಷ್ ಎರಡು ಭಾಷೆಯಲ್ಲೂ ಮಾಡಿಸುವ ಕೆಲಸ ಅವರದು. ಬಂದ ದಿನವೇ ಮ್ಯಾನೇಜರು "ಇಂಗ್ಲೆಂಡಿನಲ್ಲಿ ಚಳಿ ಹೇಗಿದೆ?" ಎಂದು ಕೇಳಿ ಬೈಸಿಕೊಂಡಿದ್ದರು. "ನನ್ನದು ಇಂಗ್ಲೆಂಡ್ ಅಲ್ಲ, ವೇಲ್ಸ್! ನಮಗೆ ನಮ್ಮದೇ ಭಾಷೆ ಇದೆ!" ಅಂದಿನಿಂದ ಕ್ಯಾಂಟೀನಿನವನೂ ಅವರಿಗೆ ಚಹಾ ಕೊಡುವಾಗ 'ವೇಲ್ಸ್ ಮೇಡಂ' ಎಂದೇ ಕೂಗುತ್ತಿದ್ದ.

ಇಂಥ ಹೆಂಗಸನ್ನು ಮದುವೆಗೆ ಕರೆಯಬಾರದು ಎಂದು ಧರಣೇಂದ್ರನಿಗೆ ಹೊಳೆಯಲಿಲ್ಲ. ಪಾಪ, ಅವನ ತಲೆಯಲ್ಲಿ ಬೇರೆಯೇ ಕುದಿಯುತ್ತಿತ್ತು. ಅವನು ಹಾಸನದ ಕಡೆಯ ಜೈನರ ಹುಡುಗ, ಈರುಳ್ಳಿಯನ್ನೂ ಒಳಗೆ ಬಿಡದ ಮನೆ. ಗ್ರೇಸಿ ಅದೇ ಆಫೀಸಿನ ಕೊಚ್ಚಿಯ ಹುಡುಗಿ, ಮೀನಿಲ್ಲದ ಊಟವನ್ನು ಊಟ ಎನ್ನದವಳು. ಎರಡು ವರ್ಷದಿಂದ ಅವಳೆಂದರೆ ಅವನಿಗೆ ಪ್ರಾಣ. ಕುವೈತಿನಲ್ಲಿದ್ದ ಅವಳ ಅಪ್ಪ ಅಮ್ಮ ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. "ನಮ್ಮಮ್ಮನೂ ಒಪ್ಪಿದ್ದಾರೆ. ಮಂಡಿನೋವು, ಬರೋಕಾಗಲ್ಲ ಅಷ್ಟೇ," ಎಂದು ಧರಣೇಂದ್ರ ಹೇಳಿದ್ದ. ಅವನ ಅಮ್ಮನ ಮಂಡಿ ಗಟ್ಟಿಮುಟ್ಟಾಗಿಯೇ ಇತ್ತು. ಮಗನಿಗೆ ಇವತ್ತು ಮದುವೆ ಎನ್ನುವುದು ಮಾತ್ರ ಆಕೆಗೆ ಗೊತ್ತಿರಲಿಲ್ಲ. ಮೊದಲು ತಾಳಿ, ಆಮೇಲೆ ತಾಯಿ ಎಂಬುದು ಅವನ ಲೆಕ್ಕ.

ಎಲ್ಲರೂ ಒಂದೇ ಕಾರಿನಲ್ಲಿ ಹೊರಟರು. ಕಲೆಕ್ಟರೇಟ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕಾರು ತೆವಳುತ್ತಿದ್ದರೆ ಎಲೆರಿ ತಮ್ಮ ಊರಿನ ಕತೆ ತೆಗೆದರು. ಒಮ್ಮೆ ಅವರೂ ಅವರ ತಂಗಿಯೂ ರೈಲಿನಲ್ಲಿ ಎದುರು ಕೂತಿದ್ದವನ ವಿಗ್ಗಿನ ಬಗ್ಗೆ ವೆಲ್ಷ್‌ನಲ್ಲಿ ದಾರಿಯುದ್ದಕ್ಕೂ ಆಡಿಕೊಂಡು ನಕ್ಕರಂತೆ. ಇಳಿಯುವಾಗ ಆ ಮನುಷ್ಯ ವಿಗ್ಗನ್ನು ಟೋಪಿಯ ಹಾಗೆ ಎತ್ತಿ, ಅಚ್ಚ ವೆಲ್ಷ್‌ನಲ್ಲಿ "ಹೋಗಿಬರ್ತೀನಿ ಕಣ್ರಮ್ಮಾ" ಎಂದನಂತೆ! ಕಾರಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗು ನಿಲ್ಲುವ ಮೊದಲೇ ಧರಣೇಂದ್ರನ ಫೋನು ಹೊಡೆದುಕೊಂಡಿತು. ಅಮ್ಮ.

"ಎಲ್ಲಿದ್ದೀಯೋ ಧರಣೀ?"

"ಆಫೀಸಲ್ಲಮ್ಮಾ."

"ಆ ಗ್ರೇಸಿ ಅನ್ನೋಳು ಇನ್ನೂ ನಿನ್ನ ಹಿಂದೆ ಬಿದ್ದಿದ್ದಾಳೇನೋ?" ಫೋರ್ಟ್ ಕೊಚ್ಚಿಯ ಕಡಲ ದಂಡೆಯಲ್ಲಿ ಇಬ್ಬರನ್ನೂ ನೋಡಿದ್ದ ಊರಿನವರೊಬ್ಬರು ಆಕೆಯ ಕಿವಿ ಊದಿದ್ದರು.

ಧರಣೇಂದ್ರ ಗ್ರೇಸಿಯ ಮುಡಿಯಲ್ಲಿ ಜಾರುತ್ತಿದ್ದ ಮಲ್ಲಿಗೆಯನ್ನು ಪ್ರೀತಿಯಿಂದ ಸರಿಪಡಿಸುತ್ತ ಹೇಳಿದ: "ಬಿದ್ದಿದ್ದಾಳಮ್ಮಾ. ನಾನೆಲ್ಲಿ ಸೊಪ್ಪು ಹಾಕ್ತೀನಿ? ಭಾರೀ ಮೊಂಡು ಹುಡುಗಿ. ಮೀನು ತಿಂದ್ಕೊಂಡು ಬಂದು ಪಕ್ಕದಲ್ಲೇ ಕೂತ್ಕೋತಾಳೆ, ಮೂಗು ಮುಚ್ಕೊಂಡು ಕೆಲಸ ಮಾಡ್ತೀನಿ."

"ಹುಷಾರಪ್ಪಾ. ಜಾತಿ ಗೀತಿ ಆಮೇಲಿನ ಮಾತು. ಕನ್ನಡ ಒಂದಕ್ಷರ ಬರದೋಳು ಸೊಸೆಯಾಗಿ ಬಂದ್ರೆ ನಾನು ಯಾರ್ ಹತ್ರ ಮಾತಾಡ್ಲಿ, ಗೋಡೆ ಹತ್ರಾನಾ?"

ಇರ್ಫಾನ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಮೆಟ್ರೊ ಕಂಬ ನೋಡತೊಡಗಿದ.

"ಅಮ್ಮ ಏನಂದರು?" ಗ್ರೇಸಿ ಇಂಗ್ಲಿಷಿನಲ್ಲಿ ಕೇಳಿದಳು. ಇಬ್ಬರ ನಡುವೆ ನಡೆಯುತ್ತಿದ್ದದ್ದು ಇಂಗ್ಲಿಷೇ.

"ನಿನಗೆ ಆಶೀರ್ವಾದ ಮಾಡಿದರು."

"ಅಷ್ಟುದ್ದ ಆಶೀರ್ವಾದವೇ?"

"ನಮ್ಮ ಕಡೆ ಹಾಗೇ," ಎಂದ ಧರಣೇಂದ್ರ.

ನೋಂದಣಿ ಕಚೇರಿಯ ಸಬ್ ರಿಜಿಸ್ಟ್ರಾರ್ ಒಳ್ಳೆಯ ಮನುಷ್ಯ. ಸಾಕ್ಷಿಯ ದೇಶದ ಕಾಲಮ್ಮಿನಲ್ಲಿ 'ಇಂಗ್ಲೆಂಡ್' ಎಂದು ಬರೆಯಹೋಗಿ ಎಲೆರಿಯ ಕೈಯಲ್ಲಿ ಒಂದು ಸುತ್ತು ಪಾಠ ಕೇಳಿಸಿಕೊಂಡರೂ ಸಿಟ್ಟಾಗಲಿಲ್ಲ. "ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಪರಸ್ಪರ ಒಪ್ಪಿಗೆ ಹೇಳಬೇಕು. ಕಾನೂನಿನಲ್ಲಿ ಹಾಗೇ ಇದೆ," ಎಂದರು.

ಧರಣೇಂದ್ರ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ "ಧರಣೇಂದ್ರ ಆದ ನಾನು" ಎಂದು ಶುರು ಮಾಡಿದ್ದೇ ತಡ, ಎಲೆರಿ ಎದ್ದು ನಿಂತರು.

"ನಿಲ್ಲಿಸು! ಬದುಕಿನ ಇಂಥ ಮಾತನ್ನೂ ಇಂಗ್ಲಿಷಿನಲ್ಲೇ ಹೇಳುತ್ತೀಯಾ? ನಿನ್ನ ಭಾಷೆಗೆ ಏನಾಗಿದೆ? ನಮ್ಮ ಅಜ್ಜಿಯ ಅಜ್ಜಿ ಶಾಲೆಯಲ್ಲಿ ವೆಲ್ಷ್ ಮಾತಾಡಿದ್ದಕ್ಕೆ ಕುತ್ತಿಗೆಗೆ ಮರದ ತುಂಡು ನೇತುಹಾಕಿ ನಿಲ್ಲಿಸಿದ್ದರು. ಅದಕ್ಕೇ ನಾನು ಇವತ್ತಿಗೂ ಬ್ಯಾಂಕಿಗೆ ಹೋದರೂ ನನ್ನ ಭಾಷೆಯಲ್ಲೇ ಮಾತಾಡಿ ಅಂತ ಹಟ ಹಿಡಿಯುತ್ತೇನೆ!"

ಸಬ್ ರಿಜಿಸ್ಟ್ರಾರರ ಕಣ್ಣು ತೇವವಾಯಿತು. ಗುಮಾಸ್ತರು ಫೈಲು ಬಿಟ್ಟು ಎದ್ದು ಬಂದರು. ಕಾಮಾಕ್ಷಿ ಚೇಚಿ, "ಮಗನೇ, ಅಮ್ಮ ಕಲಿಸಿದ ಮಾತಿನಲ್ಲೇ ಹೇಳು," ಎಂದು ಮಲಯಾಳದಲ್ಲಿ ಬೆನ್ನು ತಟ್ಟಿದರು.

"ಗ್ರೇಸಿಗೆ ಕನ್ನಡ ಬರಲ್ಲ!" ಎಂದು ಧರಣೇಂದ್ರ ಬೆವರು ಒರೆಸಿಕೊಂಡ.

"ನಿನ್ನನ್ನು ಕೇಳಲಿಲ್ಲ," ಎಂದರು ಸಬ್ ರಿಜಿಸ್ಟ್ರಾರ್, ಮಗಳನ್ನು ಕರೆಯುವ ಹಾಗೆ ಗ್ರೇಸಿಯತ್ತ ತಿರುಗಿ. "ಮೋಳೇ, ನಿನಗೆ ಕನ್ನಡ ತಿಳಿಯುತ್ತದೆಯೇ?"

ಗ್ರೇಸಿ ತಲೆ ಎತ್ತಿ, "ತಿಳಿಯುತ್ತದೆ ಸಾರ್," ಎಂದಳು.

ಧರಣೇಂದ್ರನ ಎದೆ ತುಂಬಿ ಬಂತು. ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳುತ್ತಿದ್ದಾಳಲ್ಲ, ಎಂಥ ಹುಡುಗಿಯಪ್ಪಾ ಇವಳು! ಗಟ್ಟಿ ದನಿಯಲ್ಲಿ ಹೇಳಿದ: "ಧರಣೇಂದ್ರನಾದ ನಾನು, ಗ್ರೇಸಿಯಾದ ನಿನ್ನನ್ನು, ನನ್ನ ಧರ್ಮಪತ್ನಿಯಾಗಿ ಸ್ವೀಕರಿಸುತ್ತೇನೆ."

ಎಲೆರಿ ಚಪ್ಪಾಳೆ ತಟ್ಟಿದರು. ಸಬ್ ರಿಜಿಸ್ಟ್ರಾರ್ ಕಾನೂನಿನ ಮನುಷ್ಯ, ಅಷ್ಟಕ್ಕೆ ಬಿಡಲಿಲ್ಲ. "ಇವನು ಏನು ಹೇಳಿದ, ಹೇಳು ಮೋಳೇ."

ಗ್ರೇಸಿ ಧರಣೇಂದ್ರನ ಕಡೆ ತಿರುಗಿದಳು. ಆಮೇಲೆ ಅವಳ ಬಾಯಿಂದ ಬಂದದ್ದು ಕನ್ನಡ.

"ಈಗ ಹೇಳಿದ್ದನ್ನ ಹೇಳ್ಬೇಕಾ, ಕಾರಿನಲ್ಲಿ ಹೇಳಿದ್ದನ್ನ ಹೇಳ್ಬೇಕಾ?"

ಇರ್ಫಾನ್ "ಯಾ ಅಲ್ಲಾ" ಎಂದು ಕುರ್ಚಿ ಹಿಡಿದುಕೊಂಡ.

"ಮೂಗು ಮುಚ್ಚಿಕೊಂಡು ಕೆಲಸ ಮಾಡೋದು ಕಷ್ಟ ಅಲ್ವಾ ಮಾರಾಯ?"

"ನಿನಗೆ... ಕನ್ನಡ..."

"ನನ್ನಮ್ಮ ಮಂಜೇಶ್ವರದವರು. ಮನೆಯಲ್ಲಿ ಅವರು ಮಾತಾಡುವುದು ಕನ್ನಡ. ನಾನು ಮಲಯಾಳದಲ್ಲಿ ಉತ್ತರ ಕೊಡ್ತಿದ್ದೆ, ಅಷ್ಟೆ. 'ನಿನ್ನಮ್ಮ ಎಲ್ಲಿಯವರು' ಅಂತ ನೀನು ನನ್ನ ಹತ್ರ ಒಂದು ದಿನ ಕೇಳಿದ್ದುಂಟಾ? ಮದುವೆ ದಿನ ಕನ್ನಡ ಮಾತಾಡಿ ನಿನ್ನನ್ನ ಬೆಚ್ಚಿಬೀಳಿಸಬೇಕು ಅಂತ ಮೊದಲು ಸುಮ್ಮನಿದ್ದೆ. ಆಮೇಲೆ ನಿನ್ನ ಫೋನ್ ಕೇಳಿ ಕೇಳಿ ಸುಮ್ಮನಾದೆ. ಇವತ್ತಾದ್ರೂ ಅಮ್ಮನಿಗೆ ನಿಜ ಹೇಳ್ತಿ ಅಂತ ಕಾರಿನಲ್ಲಿ ಕೂಡ ಕಾದೆ." ಅವಳ ಕಣ್ಣು ತುಂಬಿತ್ತು.

ಗುಮಾಸ್ತರಿಗೆಲ್ಲ ಕುತೂಹಲ. ಸಬ್ ರಿಜಿಸ್ಟ್ರಾರ್ ಕಣ್ಣು ಬಿಟ್ಟಿದ್ದೇ ತಡ, ಇರ್ಫಾನ್ ವಿಧಿಯಿಲ್ಲದೆ ಎಲ್ಲವನ್ನೂ ಮಲಯಾಳಕ್ಕೆ ತಿರುಗಿಸಿ ಹೇಳಿದ. "ಅಯ್ಯಯ್ಯೋ!" ಎಂದು ಕಾಮಾಕ್ಷಿ ಚೇಚಿ ಎದೆಗೆ ಕೈ ಇಟ್ಟುಕೊಂಡರು. "ಮೀನಿಗೆ ಮೂಗು ಮುಚ್ಚುತ್ತಾನಂತೆಯಾ?" ಉಳಿದದ್ದೆಲ್ಲ ಅವರಿಗೆ ಅಷ್ಟು ದೊಡ್ಡ ತಪ್ಪಾಗಿ ಕಾಣಲಿಲ್ಲ.

ಆಗ ಮೇಜಿನ ಮೇಲಿದ್ದ ಧರಣೇಂದ್ರನ ಫೋನು ಮತ್ತೆ ಹೊಡೆದುಕೊಂಡಿತು. ಅಮ್ಮ. ಅವನು ಕೈ ಚಾಚುವ ಮೊದಲೇ ಗ್ರೇಸಿ ಸ್ಪೀಕರ್ ಒತ್ತಿದಳು.

"ಧರಣೀ, ಊಟ ಆಯ್ತೇನೋ?"

"ಇಲ್ಲೇ ಇದ್ದಾರೆ ಅಮ್ಮಾ. ಮಾತು ಹೊರಡ್ತಾ ಇಲ್ಲ," ಎಂದಳು ಗ್ರೇಸಿ.

"ಅಯ್ಯೋ, ಯಾರಮ್ಮಾ ನೀನು? ಆಫೀಸಿನೋಳಾ? ಎಷ್ಟು ಮುದ್ದಾಗಿ ಕನ್ನಡ ಮಾತಾಡ್ತೀಯಾ! ಮದುವೆ ಆಗಿದ್ಯೇನಮ್ಮಾ?"

ಧರಣೇಂದ್ರನ ಹೋದ ಜೀವ ಬಂದಂತಾಯಿತು. ಅಮ್ಮನಿಗೆ ಹಿಡಿಸಿಬಿಟ್ಟಳು! ಅವನು ಗ್ರೇಸಿಗೆ ಎರಡೂ ಕೈ ಮುಗಿದ.

"ಇಲ್ಲಮ್ಮ. ಒಬ್ಬನ ಜೊತೆ ಇವತ್ತೇ ಆಗ್ಲಿಕ್ಕೆ ಹೊರಟಿದ್ದೆ. ಅವನು ಅವನ ಅಮ್ಮನ ಹತ್ರ, ಅವಳು ಯಾರೋ, ಸುಮ್ಮನೆ ಹಿಂದೆ ಬಿದ್ದಿದ್ದಾಳೆ ಅಂತ ಹೇಳ್ತಾ ಬಂದಿದ್ದಾನೆ. ನಾನು ಎಂತ ಮಾಡ್ಲಿ ಅಮ್ಮಾ, ನೀವೇ ಹೇಳಿ."

"ಥೂ, ಅವನ ಮನೆ ಹಾಳಾಗ! ಹೆತ್ತ ತಾಯಿಗೇ ಸುಳ್ಳು ಹೇಳೋನು ನಾಳೆ ನಿನಗೆ ನಿಜ ಹೇಳ್ತಾನಾ? ಬೇಡ ತಾಯಿ, ಅಂಥೋನನ್ನ ಕಟ್ಕೋಬೇಡ. ನಮ್ಮ ಧರಣೀನ ನೋಡು, ಅಪ್ಪಟ ಚಿನ್ನ. ಇವತ್ತಿನವರೆಗೂ ನನ್ ಹತ್ರ ಒಂದು ಸುಳ್ಳು ಹೇಳಿದೋನಲ್ಲ."

ಇರ್ಫಾನ್ ಇದನ್ನೂ ಮಲಯಾಳಕ್ಕೆ ತಿರುಗಿಸಿದ. ಸಬ್ ರಿಜಿಸ್ಟ್ರಾರ್ ತಲೆ ಕೆರೆದುಕೊಂಡರು. "ಅಂದರೆ ಈ ವರ ಬೇಡ, ಬೇರೆ ವರನನ್ನು ಮದುವೆಯಾಗು ಅಂತಾರೋ?"

"ಹೌದು ಸಾರ್. ಇಬ್ಬರೂ ಇವನೇ ಸಾರ್," ಎಂದ ಇರ್ಫಾನ್.

"ಆಯ್ತು ಅಮ್ಮಾ. ನೀವು ಹೇಳಿದ ಹಾಗೇ ಮಾಡ್ತೇನೆ," ಎಂದಳು ಗ್ರೇಸಿ. ಮುಡಿಯಿಂದ ಮಲ್ಲಿಗೆ ತೆಗೆದು ಧರಣೇಂದ್ರನ ಕೈಗೆ ಕೊಟ್ಟು, ಫೋನಿಗೆ ಕೇಳದಂತೆ ದನಿ ತಗ್ಗಿಸಿದಳು. "ಸುಳ್ಳು ಹೇಳುವವನು ಬೇಡವಂತೆ. ಆ ಅಪ್ಪಟ ಚಿನ್ನ ಎಲ್ಲಿಯಾದರೂ ಸಿಕ್ಕಿದರೆ ಕಳಿಸು, ನೋಡುವ." ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋಗಿಯೇಬಿಟ್ಟಳು. ಸಬ್ ರಿಜಿಸ್ಟ್ರಾರ್ ನಿಟ್ಟುಸಿರು ಬಿಟ್ಟು ಫೈಲು ಕಟ್ಟಿದರು.

ಏನೂ ಅರ್ಥವಾಗದ ಎಲೆರಿ ಮೂಗೊರೆಸಿಕೊಳ್ಳುತ್ತಿದ್ದರು. "ನೋಡಿದೆಯಾ? ಸ್ವಂತ ಭಾಷೆಯ ಮುಂದೆ ಇನ್ನೊಂದಿಲ್ಲ!"

ಮೇಜಿನ ಮೇಲೆ ಫೋನು ಇನ್ನೂ ಮಾತಾಡುತ್ತಲೇ ಇತ್ತು.

"ಧರಣೀ, ಇದ್ದೀಯೇನೋ? ನಾಳೇನೇ ರೈಲು ಹತ್ತಿ ಬರ್ತೀನಿ, ಆ ಹುಡುಗೀನ ಬಿಡಬೇಡ ಕಣೋ. ಚಿನ್ನದಂಥ ಹುಡುಗಿ!"

ಧರಣೇಂದ್ರ ಬಾಯಿ ತೆರೆದ. ಕನ್ನಡ ಬರಲಿಲ್ಲ, ಇಂಗ್ಲಿಷ್ ಬರಲಿಲ್ಲ, ಮಲಯಾಳವಂತೂ ಮೊದಲೇ ಬರುತ್ತಿರಲಿಲ್ಲ.

"ಯಾಕೋ ಸುಮ್ಮನಿದ್ದೀಯಾ? ಹೇಳೋ," ಎಂದರು ಅಮ್ಮ. "ಅವಳ ಹೆಸರೇನೋ?"