ಯಾರೂ ಬಿಚ್ಚದ ಗುಲಾಬಿ ಪೆಟ್ಟಿಗೆ

ಅಶ್ವಿತಾ: ಹತ್ತು ದಿನ ಆಯ್ತು ಅಜ್ಜಿ. ಇನ್ನು ಆಗಲ್ಲ. ರಚನಾ ಜಾಗಕ್ಕೆ ಬೇರೆ ಯಾರನ್ನಾದ್ರೂ ಹಾಕ್ತೀನಿ.

ಅಮ್ಮಣ್ಣಿ: ಹಾಕು. ಆಮೇಲೆ ಮಂಟಪದಲ್ಲಿ ಪಕ್ಕಕ್ಕೆ ತಿರುಗಿ ಅವಳನ್ನ ಹುಡುಕಬೇಡ.

ಬೆಸೆಂಟ್ ನಗರದ ಮನೆಯ ಹಾಲಿನಲ್ಲಿ ಅಮ್ಮಣ್ಣಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಉತ್ತರ ಗೊತ್ತಿಲ್ಲದವರೇ ಪುಟಗಟ್ಟಲೆ ಬರೆಯುತ್ತಾರೆಂದು ಅವರಿಗೆ ಗೊತ್ತಿತ್ತು. ಮೊಮ್ಮಗಳ ಮದುವೆಗೆ ಮೂರು ವಾರ ಉಳಿದಿತ್ತು. ಅಂದು ಮಂಟಪದಲ್ಲಿ ಜೊತೆಗೆ ನಿಲ್ಲಿ ಎಂದು ಐವರು ಗೆಳತಿಯರನ್ನು ಕೇಳಬೇಕಿತ್ತು. ಬಾಯಿಬಿಟ್ಟು ಕೇಳುವುದು ಈಗ ಚಾಲ್ತಿಯಲ್ಲಿಲ್ಲವಂತೆ. ಹಾಗಾಗಿ ಹತ್ತು ದಿನದ ಹಿಂದೆ ಅಂಗಡಿಯಿಂದ ನೇರ ಅವರವರ ಮನೆಗೆ ಹೋದದ್ದು ಐದು ಗುಲಾಬಿ ಪೆಟ್ಟಿಗೆಗಳು. ಒಳಗೆ ಪರಿಮಳದ ಮೇಣದಬತ್ತಿ, ದುಪಟ್ಟಾ, ಚಾಕೊಲೇಟು, ಎಲ್ಲದರ ತಳದಲ್ಲಿ ಪ್ರಶ್ನೆಯ ಚೀಟಿ. ಹೊರಗೆ ಹೆಸರು ಬರೆಯುವಂತಿಲ್ಲ, ಸರ್‌ಪ್ರೈಸ್ ಕೆಡುತ್ತದೆ. ನಾಲ್ವರು ಪೆಟ್ಟಿಗೆ ತೆರೆದು ಅತ್ತು, ಅತ್ತದ್ದನ್ನು ವಿಡಿಯೊ ಮಾಡಿ ಹಾಕಿದ್ದರು. ಎಲ್‌ಕೆಜಿಯಿಂದ ಒಂದೇ ಬೆಂಚಿನಲ್ಲಿ ಕೂತ, ಕ್ರೋಂಪೇಟೆಯ ರಚನಾ ಮಾತ್ರ ಉಸಿರೆತ್ತಿರಲಿಲ್ಲ.

ಅಮ್ಮಣ್ಣಿ: ಫೋನ್ ಮಾಡಿ ಕೇಳು.

ಅಶ್ವಿತಾ: ಅಯ್ಯೋ, ನಾನೇ ಕೇಳಿದ್ರೆ ಕೇಳಿದ ಹಾಗೆ ಆಗಲ್ವಾ?

ಅಮ್ಮಣ್ಣಿ: ಪೆಟ್ಟಿಗೆ ಕಳಿಸಿದ್ದು ಮತ್ತೆ ಯಾತಕ್ಕೆ?

ಅಶ್ವಿತಾ: ಅದು ವೇರ ಅಜ್ಜಿ, ಇದು ವೇರ. ಎರಡೂ ಬೇರೆ ಬೇರೆ.

ಅಮ್ಮಣ್ಣಿ ತಮ್ಮ ಮದುವೆಯ ಕಥೆ ತೆಗೆದರು. ಕಳಸಗಿತ್ತಿಯಾಗಿ ನಿಲ್ಲಲು ಎದುರುಮನೆ ಹುಡುಗಿಗೆ ಅವರ ತಾಯಿ ಕಿಟಕಿಯಿಂದಲೇ ಹೇಳಿದ್ದು: ನಾಳೆ ಐದಕ್ಕೆ ತಲೆಗೆ ನೀರು ಹಾಕ್ಕೊಂಡು ಬಾ. ಹುಡುಗಿ ನಾಲ್ಕೂವರೆಗೇ ಬಂದು, ಕಳಸ ಹಿಡಿದು ಮಧ್ಯಾಹ್ನದವರೆಗೆ ನಿಂತಳು.

ಅಶ್ವಿತಾ: ಅವಳಿಗೆ ಇಷ್ಟ ಇತ್ತಾ ಅಂತ ಯಾರಾದ್ರೂ ಕೇಳಿದ್ರಾ?

ಯಾರೂ ಕೇಳಿರಲಿಲ್ಲ. ಅಮ್ಮಣ್ಣಿ ಒಂದೇ ಹುರುಳಿಕಾಯಿಯ ನಾರನ್ನು ಎರಡು ಸಲ ತೆಗೆದರು.

ಅಶ್ವಿತಾ: ಇಷ್ಟ ಇಲ್ಲದಿದ್ರೆ ಹೇಳಬಹುದಿತ್ತಲ್ಲ. ಇಪ್ಪತ್ತಮೂರು ವರ್ಷ, ಅಜ್ಜಿ.

ಈ ಸಲ ದನಿ ಬೇರೆಯಾಗಿತ್ತು. ಅಮ್ಮಣ್ಣಿ ತಟ್ಟೆ ಪಕ್ಕಕ್ಕಿಟ್ಟರು.

ಅಮ್ಮಣ್ಣಿ: ಏಳು, ಕ್ರೋಂಪೇಟೆಗೆ ಹೋಗೋಣ. ತಡಿ, ಸರಸನ ಮನೆಗೆ ಬರಿಗೈಲಿ ಹೋಗೋದು ಬೇಡ.

ಸರಸ ಎಂದರೆ ರಚನಾಳ ತಾಯಿ. ಅಮ್ಮಣ್ಣಿಯ ಬೀರುವಿನ ಕೆಳಗಿನ ಅರೆ ಇಂಥ ಹೊತ್ತಿಗೆಂದೇ ಇತ್ತು: ಅರಿಶಿನ ಕುಂಕುಮದ ಜೊತೆ ಬಂದ ರವಿಕೆ ಕಣ, ಸ್ಟೀಲ್ ಡಬ್ಬಿ, ಬೆಳ್ಳಿ ಬಣ್ಣದ ತಟ್ಟೆ. ಬಿಚ್ಚಿದರೆ ನಮ್ಮದು, ಬಿಚ್ಚದಿದ್ದರೆ ಮುಂದಿನವರದು; ಇಡೀ ಬಳಗಕ್ಕೆ ಇದೇ ಶಾಸ್ತ್ರ. ಅಲ್ಲಿಂದ ಅವರು ಎತ್ತಿಕೊಂಡದ್ದು ಒಂದು ಗುಲಾಬಿ ಪೆಟ್ಟಿಗೆ.

ಅಶ್ವಿತಾ: ಇದು ಎಲ್ಲಿಂದ ಬಂತು?

ಅಮ್ಮಣ್ಣಿ: ಶುಕ್ರವಾರ ತೃಪ್ತಿ ಕೊಟ್ಟಳು, ಸರಸನ ನಾದಿನಿ. ಚೆನ್ನಾಗಿ ಕಟ್ಟಿದಾರೆ ಅಂತ ಎತ್ತಿಟ್ಟಿದ್ದೆ.

ಅಶ್ವಿತಾ ರಿಬ್ಬನ್ ಎಳೆದಳು. ತಳದಲ್ಲಿ, ಕರಗಿದ ಚಾಕೊಲೇಟಿಗೆ ಅಂಟಿಕೊಂಡು, ಚೀಟಿ: ರಚನಾ, ನನ್ನ ಜೊತೆ ನಿಲ್ತೀಯಾ?

ಅಮ್ಮಣ್ಣಿ ಲೆಕ್ಕವನ್ನು ತಕ್ಷಣ ಬಿಡಿಸಿದರು. ಹೆಸರಿಲ್ಲದ ಪೆಟ್ಟಿಗೆ ಸರಸಳ ಕೈಗೆ, ಅವಳಿಂದ ನಾದಿನಿಗೆ, ನಾದಿನಿಯಿಂದ ತಮಗೆ. ಇನ್ನೊಂದು ಗಂಟೆ ಕಳೆದಿದ್ದರೆ ಮತ್ತೆ ಸರಸಳಿಗೆ. ವೃತ್ತ ಪೂರ್ತಿ. ಮೂರರಲ್ಲಿ ಎರಡು ಭಾಗ ಎಳೆದವರು ಬೇರೆಯವರು, ಉಳಿದ ಒಂದನ್ನು ಎಳೆಯಹೊರಟವರು ತಾವು. ಅವರು ಫೋನನ್ನು ಮೊಮ್ಮಗಳ ಕೈಗಿಟ್ಟರು.

ಆ ಕಡೆಯಿಂದ ರಚನಾ ನಾಲ್ಕು ನಿಮಿಷ ತಮಿಳಿನಲ್ಲಿ ಬೈದಳು. ನಾಲ್ಕು ವಿಡಿಯೊಗಳನ್ನೂ ನೋಡಿ, ತನ್ನನ್ನು ಕೇಳಲೇ ಇಲ್ಲವೆಂದು ಮದುವೆಗೇ ಬರುವುದಿಲ್ಲ ಅಂತ ಮನೆಯಲ್ಲಿ ಹೇಳಿ ಕೂತಿದ್ದಳು. ಬೈಗುಳ ಮುಗಿದ ಮೇಲೆ, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು.

ಅಮ್ಮಣ್ಣಿ: ಐದಕ್ಕೆ. ತಲೆಗೆ ನೀರು ಹಾಕ್ಕೊಂಡು. ಇಷ್ಟ ಇದ್ದರೆ.

ಅಶ್ವಿತಾ ಕಣ್ಣೊರೆಸಿಕೊಂಡು ಪೆಟ್ಟಿಗೆಯನ್ನು ಕಸದ ಬುಟ್ಟಿಗೆ ಒಯ್ಯುತ್ತಿದ್ದಳು.

ಅಮ್ಮಣ್ಣಿ: ಅದನ್ನ ಇಲ್ಲಿ ಕೊಡು. ಚೀಟಿ ತೆಗೆದು ರಿಬ್ಬನ್ ಕಟ್ಟು. ನಾಳಿದ್ದು ಮೈಲಾಪುರದಲ್ಲಿ ಸೀಮಂತ ಇದೆ.

ಅಶ್ವಿತಾ: ಅಜ್ಜಿ, ಚಾಕೊಲೇಟು ಪೂರ್ತಿ ಕರಗಿದೆ.

ಅಮ್ಮಣ್ಣಿ: ಕರಗಿದರೇನು? ಯಾರು ಬಿಚ್ಚಿ ನೋಡ್ತಾರೆ?