ಗುಂಡ್ಯಾನ ಪಥ್ಯ

ಅಲರ್ಜಿ ಎನ್ನುವುದು ದುಡ್ಡಿದ್ದವರ ಮನೆಯ ಕಾಯಿಲೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಅದರಲ್ಲೂ ನಾಯಿಗೆ ಅಲರ್ಜಿ ಬರಬೇಕಾದರೆ ಅದಕ್ಕೆ ಉದ್ದ ಕೂದಲು, ಇಂಗ್ಲಿಷ್ ಹೆಸರು ಮತ್ತು ಕಾರಿನಲ್ಲಿ ಮುಂದಿನ ಸೀಟು ಇರಲೇಬೇಕು. ನಮ್ಮ ಗುಂಡ್ಯಾನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಅವನು ಹುಟ್ಟಿದ್ದು ಮ್ಹೈಸಾಳದಲ್ಲಿ, ನನ್ನ ಮೈದುನನ ಕಬ್ಬಿನ ಹೊಲದ ಬದುವಿನ ಮೇಲೆ. ಅಂಥವನು ಸಾಂಗಲಿಯ ನಮ್ಮ ಮನೆಗೆ ಬಂದು, ಒಂದೆರಡು ವರ್ಷ ಹಾಲು-ಚಪಾತಿ ತಿಂದು ದುಂಡಗಾಗಿ, ಆಮೇಲೆ ಇದ್ದಕ್ಕಿದ್ದಂತೆ ಕೆರೆದುಕೊಳ್ಳಲು ಶುರುಮಾಡಿದ.

ಮೊದಮೊದಲು ನಾವು ನಕ್ಕೆವು. ನನ್ನ ಯಜಮಾನರು ಚಿಗಟ ಎಂದರು, ಶಾಂಪೂ ತಂದರು. ನಾವೆಲ್ಲ ಮಾವಶಿ ಎಂದು ಕರೆಯುವ ಪಕ್ಕದ ಮನೆಯಾಕೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು. ಗುಂಡ್ಯಾ ಮಾತ್ರ ಕೂತಲ್ಲೇ ಕೂತು ಕೆರೆದುಕೊಳ್ಳುತ್ತಿದ್ದ. ಬರಬರುತ್ತ ಹೊಟ್ಟೆಯ ಮೇಲಿನ ಕೂದಲು ಉದುರಿತು, ಕಿವಿ ಕೆಂಪಾಯಿತು, ಕೆರೆದಲ್ಲೆಲ್ಲ ಗಾಯವಾಯಿತು. ಆಮೇಲೆ ಯಾರಿಗೂ ನಗು ಬರಲಿಲ್ಲ.

“ಮ್ಹೈಸಾಳಕ್ಕ ಕಳಿಸಿ ಬಿಡೂಣು. ಬಯಲಾಗ ಆರಾಮ ಇರ್ತಾನ,” ಎಂದರು ಯಜಮಾನರು.

ಅದಕ್ಕೆ ಅಡ್ಡ ಬಂದವರು ನಮ್ಮ ಅತ್ತೆ. ನಾನು ನಾಯಿಯನ್ನು ಮುಟ್ಟಿದರೆ ಮೊಣಕೈವರೆಗೆ ತೊಳೆಸುತ್ತಿದ್ದ ಅತ್ತೆ! “ಬ್ಯಾನಿ ಬಂತಂತ ಮನೀ ಮಂದೀನ ಹೊರಗ ಹಾಕ್ತಾರೇನಪಾ? ಮೊದ್ಲ ಮಿರಜಿಗೆ ಕರಕೊಂಡು ಹೋಗ್ರಿ,” ಎಂದರು. ಅರ್ಧ ಕರ್ನಾಟಕವೇ ಕಾಯಿಲೆ ಹೊತ್ತು ರೈಲಿಳಿಯುವ ಊರು ಅದು. ಗುಂಡ್ಯಾನೂ ಹೋದ, ರಿಕ್ಷಾದಲ್ಲಿ.

ನಾಯಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಏನ ತಿಂತಾನ್ರಿ ಇಂವಾ?” ಎಂದು ಕೇಳಿದರು.

“ಹಾಲು, ಚಪಾತಿ, ಬಿಸ್ಕೀಟು.”

“ಮತ್ತ?”

“ನಾವು ಜೈನರ್ರಿ,” ಎಂದೆ, ನಾಯಿಯನ್ನೂ ಸೇರಿಸಿಕೊಂಡು.

ಗೋಧಿಗೋ ಹಾಲಿಗೋ ಅಲರ್ಜಿ ಇರಬಹುದು, ಎರಡು ತಿಂಗಳು ಇವನು ಹಿಂದೆ ತಿನ್ನದ ಪದಾರ್ಥಗಳನ್ನಷ್ಟೇ ಕೊಡಬೇಕು, ಬೇರೆ ಒಂದು ಚೂರೂ ಬಾಯಿಗೆ ಹೋಗಬಾರದು ಎಂದರು. ಅದಕ್ಕೆಂದೇ ತಯಾರಾದ ಆಹಾರದ ಚೀಲವೊಂದನ್ನು ತೋರಿಸಿದರು. ನಾನು ಬೆಲೆ ಓದಿ ಅದನ್ನು ಗಾಜಿನ ಸಾಮಾನಿನಂತೆ ಮೆಲ್ಲಗೆ ಕೆಳಗಿಟ್ಟೆ. “ಇದನ್ನ ತಗೊಂಡ್ರ ಅವನ ಬಿಸ್ಕೀಟು ನಾವು ತಿನ್ನಬೇಕಾಗ್ತದರಿ.” ಡಾಕ್ಟರು ನಕ್ಕು, ಹಾಗಾದರೆ ಮನೆಯಲ್ಲೇ ಬೇಯಿಸಿ, ಕಡಿಮೆ ಖರ್ಚಿನಲ್ಲಿ ಮೀನು ಮತ್ತು ಗೆಣಸು ಆಗುತ್ತದೆ ಎಂದರು. ಮೀನಿನ ಮಾತು ಬಿಡಿ, ಅತ್ತೆ ನೆಲದೊಳಗೆ ಬೆಳೆದ ಗೆಣಸನ್ನೂ ಅಡುಗೆಮನೆಗೆ ಬಿಡುವವರಲ್ಲ. ಅದನ್ನು ವಿವರಿಸಿದಾಗ ಡಾಕ್ಟರು ಪೆನ್ನು ಕೆಳಗಿಟ್ಟು ಗುಂಡ್ಯಾನ ಮುಖವನ್ನು ಕನಿಕರದಿಂದ ನೋಡಿದರು. ಕೊನೆಗೆ ಜೋಳ, ಹೆಸರುಕಾಳು, ಕುಂಬಳಕಾಯಿ ಎಂದು ಒಪ್ಪಂದವಾಯಿತು. ಕೊರತೆ ತುಂಬಲು ಒಂದು ಪುಡಿ, ತುರಿಕೆಗೆ ಗುಳಿಗೆ. “ಇದು ಎಲ್ಲಾ ನಾಯಿಗೂ ನಡಿಯಂಗಿಲ್ಲರಿ. ತೂಕ ನೋಡ್ಕೋತ ಇರೂಣು,” ಎಂದು ಎಚ್ಚರಿಸಿಯೇ ಕಳಿಸಿದರು.

ಅಡುಗೆಯನ್ನು ಅತ್ತೆ ತಾವೇ ವಹಿಸಿಕೊಂಡರು. ಜೋಳ ನುಣ್ಣಗೆ ಬೇಯಬೇಕು, ಉಪ್ಪು ಬೀಳಬಾರದು, ಹೊತ್ತು ಮುಳುಗುವ ಮೊದಲೇ ಅವನ ಊಟ ಮುಗಿಯಬೇಕು. ನಮ್ಮ ತಟ್ಟೆಗೆ ಬರುವುದಕ್ಕಿಂತ ಬಿಸಿಯಾದದ್ದು ಅವನ ತಟ್ಟೆಗೆ ಹೋಗುತ್ತಿದೆ ಎಂದು ಯಜಮಾನರು ಒಮ್ಮೆ ಗೊಣಗಿದರು.

ತಿಂಗಳು ಕಳೆಯಿತು. ತುರಿಕೆ ಕಡಿಮೆಯಾಗಲಿಲ್ಲ. ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು, ನಾನು ಪತ್ತೇದಾರಿಕೆಗೆ ಇಳಿದೆ. ಮಾವಶಿಯನ್ನು ವಿಚಾರಿಸಿದೆ, ಅವರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಯಜಮಾನರ ಜೇಬು ತಡಕಿದೆ, ಬಿಸ್ಕೀಟಿನ ಪುಡಿ ಸಿಗಲಿಲ್ಲ. ಉಳಿದವರು ಒಬ್ಬರೇ. “ಅತ್ತಿ, ಚಪಾತಿ ಮಾಡೂಮುಂದ ಅವಂಗೊಂದು ಚೂರು ಹಾಕ್ತೀರೇನ್ರಿ?” ಎಂದು ಕೇಳಿಯೇಬಿಟ್ಟೆ.

ಅತ್ತೆ ಒಲೆಯ ಕಡೆ ತಿರುಗಿದರು. ಗುಂಡ್ಯಾನ ಜೋಳವನ್ನು ಮೊದಲಿನ ಹಾಗೆಯೇ ಬೇಯಿಸಿದರು. ನನ್ನೊಂದಿಗೆ ಮಾತು ನಿಲ್ಲಿಸಿದರು. ನಮ್ಮ ನಡುವೆ ಪಾತ್ರೆಗಳ ಸದ್ದಷ್ಟೇ ಉಳಿಯಿತು. ಅತ್ತ ಯಜಮಾನರು ಮ್ಹೈಸಾಳಕ್ಕೆ ಫೋನು ಮಾಡಿದರು. ರವಿವಾರ ಮೈದುನ ಬಂದು ಗುಂಡ್ಯಾನನ್ನು ಕರೆದೊಯ್ಯುವುದೆಂದು ತೀರ್ಮಾನವಾಯಿತು.

ಅದಕ್ಕೂ ಮೊದಲು ಕೊನೆಯದಾಗಿ ಒಮ್ಮೆ ಡಾಕ್ಟರಿಗೆ ತೋರಿಸೋಣವೆಂದು ಹೊರಟೆ. ಅತ್ತೆ ಕರೆಯದೆಯೇ ರಿಕ್ಷಾ ಹತ್ತಿ, ಗುಂಡ್ಯಾನ ತಲೆಯನ್ನು ತಮ್ಮ ಇಸ್ತ್ರಿ ಸೀರೆಯ ಮೇಲಿಟ್ಟುಕೊಂಡು ಕೂತರು. ಆದರೂ ನಾನು ಡಾಕ್ಟರ ಮುಂದೆ, ಮನೆಯಲ್ಲಿ ಯಾರೋ ಪಥ್ಯ ಕೆಡಿಸುತ್ತಿದ್ದಾರೆ ಎಂದು ಹೇಳುವುದನ್ನು ಬಿಡಲಿಲ್ಲ.

ಡಾಕ್ಟರು ಒಂದೊಂದೇ ಕೇಳುತ್ತ ಬಂದರು. “ಗುಳಿಗಿ ಹೆಂಗ ಕೊಡ್ತೀರಿ?”

“ಅದನ್ನ ನಾನ ಕೊಡ್ತೇನ್ರಿ, ತಪ್ಪದ,” ಎಂದೆ ಹೆಮ್ಮೆಯಿಂದ. “ಹಂಗ ಕೊಟ್ರ ಉಗುಳ್ತಾನ. ದಿನಾ ಪೇಢಾದಾಗ ಇಟ್ಟು...”

“ಪೇಢಾ ಯಾತರದ್ರಿ?”

“ಹಾಲಿಂದು,” ಎಂದೆ. ಆ ಪದ ಬಾಯಿಂದ ಹೊರಬೀಳುವಷ್ಟರಲ್ಲಿ ದನಿ ಪೂರಾ ಇಳಿದುಹೋಗಿತ್ತು. ಅತ್ತೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮನೆಗೆ ಬಂದು, “ಅತ್ತಿ, ನಂದ ತಪ್ಪಾತ್ರಿ,” ಎಂದೆ.

“ಆತು ಬಿಡು. ಕುಂಬಳಕಾಯಿ ಹೆಚ್ಚು,” ಎಂದರು. ಅಂದಿನಿಂದ ಆ ಕೆಲಸ ನನ್ನದೇ ಆಗಿದೆ. ಮಾವಶಿಯ ಮನೆಗೂ ಹೋಗಿ ಕ್ಷಮೆ ಕೇಳಿ ಬಂದೆ. ರವಿವಾರ ಬಂದ ಮೈದುನನಿಗೆ ಅತ್ತೆ, “ಊಟಾ ಮಾಡಿ ಹೋಗು. ನಾಯಿ ಎಲ್ಲೂ ಬರಂಗಿಲ್ಲ,” ಎಂದು ಬಾಗಿಲಲ್ಲೇ ಹೇಳಿಬಿಟ್ಟರು.

ಪೇಢಾ ನಿಂತ ಮೇಲೆ ತುರಿಕೆಯೂ ಮೆಲ್ಲಗೆ ಇಳಿಯಿತು. ಹೊಟ್ಟೆಯ ಮೇಲೆ ಹೊಸ ಕೂದಲು ಬಂತು. ಮುಂದಿನ ಸಲ ಮಿರಜಿಗೆ ಹೋದಾಗ ಡಾಕ್ಟರು ಖುಷಿಯಾಗಿ, ಆರಗ ಎಂಬ ಹಳ್ಳಿಯಿಂದ ತುರಿಕೆಯ ನಾಯಿ ತಂದಿದ್ದ ರೈತರೊಬ್ಬರಿಗೆ ನಮ್ಮ ಪಥ್ಯದ ರೀತಿ ತಿಳಿಸಿ ಎಂದು ನನಗೆ ಹೇಳಿದರು. ಕೇಳಬೇಕೆ! ಜೋಳ ಎಷ್ಟು ಬೇಯಬೇಕು, ಮನೆಮಂದಿಯ ಮೇಲೆ ಹೇಗೆ ಕಣ್ಣಿಡಬೇಕು ಎಂದೆಲ್ಲ ನಿಂತಲ್ಲೇ ಭಾಷಣ ಮಾಡಿದೆ. ರೈತರು ಕೈಕಟ್ಟಿ ಕೇಳಿದರು. ಗುಂಡ್ಯಾನ ಹಗ್ಗ ಹಿಡಿದು ಪಕ್ಕದಲ್ಲಿದ್ದ ಅತ್ತೆ ಎಲ್ಲ ಮುಗಿದ ಮೇಲೆ ಮೆತ್ತಗೆ ಅಂದರು: “ಗುಳಿಗಿ ಹೆಂಗ ಕೊಡಬೇಕಂತನೂ ಹೇಳವಾ ಅವರಿಗೆ.”

ಹೇಳಿದೆ. ಬೇಯಿಸಿದ ಕುಂಬಳಕಾಯಿಯಲ್ಲಿ ಇಟ್ಟು ಕೊಡಬೇಕು, ಬೇರೆ ಯಾವುದರಲ್ಲಿಯೂ ಇಡಕೂಡದು ಎಂದು, ಹುಟ್ಟಿದಾಗಿನಿಂದ ಹಾಗೆಯೇ ಕೊಡುತ್ತ ಬಂದವಳ ಹಾಗೆ.